ಲೂಸಿಯಾ: ನಸುಕಿನಲ್ಲಿ ಹುಟ್ಟಿದ ಹೆಸರು

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಒಂದೇ ಒಂದು ಹೆಸರಿನ ಬಗ್ಗೆ ಮಾತಾಡುತ್ತೇನೆ. ಲೂಸಿಯಾ. ಕನ್ನಡದವರಿಗೆ ಇದು ತೀರಾ ಹೊಸದೇನಲ್ಲ. 2013ರಲ್ಲಿ ಪವನ್ ಕುಮಾರ್ ಅವರ ‘ಲೂಸಿಯಾ’ ಸಿನಿಮಾ ಬಂತು. ಪ್ರೇಕ್ಷಕರೇ ದುಡ್ಡು ಹಾಕಿ ಮಾಡಿಸಿದ ಸಿನಿಮಾ ಎಂದು ಅದು ಸುದ್ದಿಯಾಗಿತ್ತು. ಅಲ್ಲಿ ಲೂಸಿಯಾ ಎಂದರೆ ಹುಡುಗಿ ಅಲ್ಲ, ನಿದ್ದೆ ಬಾರದವನಿಗೆ ಕನಸು ಕೊಡುವ ಮಾತ್ರೆ. ಇನ್ನು ಮಂಗಳೂರು ಕಡೆಯವರಿಗೆ, ಕಾನ್ವೆಂಟ್‌ನಲ್ಲಿ ಓದಿದವರಿಗೆ ಈ ಹೆಸರಿನ ಇನ್ನೊಂದು ರೂಪ ಚೆನ್ನಾಗಿ ಗೊತ್ತು. ಲೂಸಿ ಟೀಚರ್, ಲೂಸಿ ಸಿಸ್ಟರ್, ಪಕ್ಕದ ಮನೆಯ ಲೂಸಿ ಆಂಟಿ. ಲೂಸಿ, ಲೂಸಿಯಾ ಎರಡೂ ಒಂದೇ ಹೆಸರು.

ಹೆಸರುಗಳ ಪುಸ್ತಕ ತೆಗೆದರೆ ಇದರ ಅರ್ಥ ಒಂದೇ ಪದದಲ್ಲಿ ಸಿಗುತ್ತದೆ: ಬೆಳಕು. ತಪ್ಪೇನಿಲ್ಲ. ಆದರೆ ಅಷ್ಟಕ್ಕೇ ಪುಸ್ತಕ ಮುಚ್ಚಿದರೆ ನನಗೆ ತುಂಬಾ ಮುಖ್ಯ ಎನಿಸುವ ಸಂಗತಿ ಕೈತಪ್ಪಿ ಹೋಗುತ್ತದೆ. ಇದು ಗಂಡಸರ ಹೆಸರಿನ ನೆರಳಾಗಿ ಶುರುವಾದ ಹೆಸರು. ರೋಮಿನಲ್ಲಿ ಒಂದು ಕಾಲಕ್ಕೆ ಬಳಕೆಯಿಂದಲೇ ಹೆಚ್ಚುಕಡಿಮೆ ಮರೆಯಾಗಿತ್ತು. ಆಮೇಲೆ ಇಟಲಿಯ ಸಿಸಿಲಿ ದ್ವೀಪದ ಒಬ್ಬ ಹುಡುಗಿಯ ನೆನಪಿಗಾಗಿ ಜನ ಅದನ್ನು ಎತ್ತಿಕೊಂಡರು. ಆಗ ಅದು ನಿಜವಾಗಿ ಹೆಣ್ಣುಮಗಳ ಹೆಸರಾಯಿತು. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ರೋಮನ್ನರು ಹೆಸರಿಡುತ್ತಿದ್ದ ಕ್ರಮ ನೋಡೋಣ. ಗಣ್ಯ ಮನೆತನದ ಗಂಡಸಿಗೆ ಸಾಮಾನ್ಯವಾಗಿ ಮೂರು ಹೆಸರು. ಗಾಯಸ್ ಜೂಲಿಯಸ್ ಸೀಸರ್ ಎಂದಾಗ ಗಾಯಸ್ ಅವನದೇ ಹೆಸರು, ಜೂಲಿಯಸ್ ವಂಶದ್ದು, ಸೀಸರ್ ಆ ವಂಶದ ಒಂದು ಕವಲಿನದು. ವಂಶದ ಹೆಸರುಗಳು ನೂರಾರು ಇದ್ದವು. ಆದರೆ ಸ್ವಂತ ಹೆಸರುಗಳು ಬಹಳ ಕಡಿಮೆ. ದಿನಬಳಕೆಯಲ್ಲಿ ಇದ್ದದ್ದು ಹದಿನೆಂಟು ಇಪ್ಪತ್ತರಷ್ಟು, ಅಷ್ಟೆ. ಅವನ್ನು ಕಲ್ಲಿನ ಮೇಲೆ ಪೂರ್ತಿ ಕೆತ್ತುವ ಗೋಜಿಗೂ ಹೋಗುತ್ತಿರಲಿಲ್ಲ. ಒಂದಕ್ಷರ ಸಾಕು. ‘ಎಂ’ ಎಂದರೆ ಮಾರ್ಕಸ್, ‘ಎಲ್’ ಎಂದರೆ ಲೂಸಿಯಸ್. ಈ ಲೂಸಿಯಸ್ ರೋಮಿನ ಅತಿ ಸಾಮಾನ್ಯ ಹೆಸರುಗಳಲ್ಲಿ ಒಂದು. ರಾಜರನ್ನು ಓಡಿಸಿ ಗಣರಾಜ್ಯ ಕಟ್ಟಿದ ಎಂದು ರೋಮನ್ನರು ನಂಬಿದ್ದ ಬ್ರೂಟಸ್ ಲೂಸಿಯಸ್. ಸರ್ವಾಧಿಕಾರಿ ಸುಲ್ಲಾ ಲೂಸಿಯಸ್. ತತ್ತ್ವಜ್ಞಾನಿ ಸೆನೆಕಾ ಕೂಡ ಲೂಸಿಯಸ್.

ಹೆಣ್ಣುಮಕ್ಕಳಿಗೆ? ಅಪ್ಪನ ವಂಶದ ಹೆಸರಿಗೇ ಹೆಣ್ಣಿನ ಪ್ರತ್ಯಯ ಹಚ್ಚಿ ಕರೆಯುತ್ತಿದ್ದರು. ಜೂಲಿಯಸ್ ವಂಶದಲ್ಲಿ ಹುಟ್ಟಿದವಳು ಜೂಲಿಯಾ. ಕ್ಲಾಡಿಯಸ್ ವಂಶದವಳು ಕ್ಲಾಡಿಯಾ. ಸಿಸೆರೊನ ವಂಶ ಟುಲ್ಲಿಯಸ್, ಅವನ ಮಗಳು ಟುಲ್ಲಿಯಾ. ಸೀಸರನ ಸೋದರತ್ತೆ ಜೂಲಿಯಾ, ಇಬ್ಬರು ಅಕ್ಕತಂಗಿಯರೂ ಜೂಲಿಯಾ, ಮಗಳೂ ಜೂಲಿಯಾ. ಒಂದೇ ಮನೆಯಲ್ಲಿ ಇಬ್ಬರಿದ್ದರೆ ದೊಡ್ಡವಳು, ಚಿಕ್ಕವಳು ಎಂದು ಸೇರಿಸುತ್ತಿದ್ದರು. ಮೂರನೆಯವಳು ಹುಟ್ಟಿದರೆ ಟೆರ್ಟಿಯಾ, ಅಂದರೆ ಮೂರನೆಯವಳು. ಇವತ್ತು ಜಗತ್ತೆಲ್ಲ ಇಷ್ಟಪಟ್ಟು ಇಟ್ಟುಕೊಳ್ಳುವ ಜೂಲಿಯಾ, ಕ್ಲಾಡಿಯಾ, ಕೊರ್ನೇಲಿಯಾ ಎಲ್ಲವೂ ಮೂಲದಲ್ಲಿ ‘ಇಂಥ ವಂಶದ ಹುಡುಗಿ’ ಎಂಬ ಗುರುತು ಮಾತ್ರ. ಮದುವೆಯಾದ ಮೇಲೂ ಅದು ಬದಲಾಗುತ್ತಿರಲಿಲ್ಲ. ಅವಳು ಯಾರ ಮಗಳು ಎಂಬುದನ್ನು ಊರಿಗೆ ಹೇಳುವುದೇ ಹೆಸರಿನ ಕೆಲಸ.

ಹೀಗಿರುವಾಗ ಲೂಸಿಯಾ ಎಂಬ ಹೆಸರು ಎಲ್ಲಿಂದ ಬಂತು? ಇದಕ್ಕೆ ಒಳ್ಳೆಯ ಸಾಕ್ಷಿ ಕೊಡುವವನು ವಾರೋ. ಕ್ರಿ.ಪೂ. 116ರಲ್ಲಿ ಹುಟ್ಟಿ ಕ್ರಿ.ಪೂ. 27ರಲ್ಲಿ ತೀರಿಕೊಂಡ ಮಹಾ ಪಂಡಿತ. ಲ್ಯಾಟಿನ್ ಭಾಷೆಯ ಬಗ್ಗೆ ಅವನು ಬರೆದ ಗ್ರಂಥದ ಒಂದು ಭಾಗ ಉಳಿದಿದೆ. ಅಲ್ಲಿ ಅವನು ಹೇಳುವುದು ಹೀಗೆ: ಮುಂಜಾನೆ ಹುಟ್ಟಿದವನಿಗೆ ಮಾನಿಯಸ್ ಎಂದರು, ಬೆಳಕು ಹರಿಯುವಾಗ ಹುಟ್ಟಿದವನಿಗೆ ಲೂಸಿಯಸ್ ಎಂದರು, ಅಪ್ಪ ಸತ್ತ ಮೇಲೆ ಹುಟ್ಟಿದವನಿಗೆ ಪೋಸ್ತುಮಸ್ ಎಂದರು. ಇದೇ ಥರ ಹುಟ್ಟಿದ ಹೆಣ್ಣುಮಕ್ಕಳಿಗೆ ಹಳೆಯ ಕಾಲದಲ್ಲಿ ಮಾನಿಯಾ, ಲೂಸಿಯಾ, ಪೋಸ್ತುಮಾ ಎಂಬ ಹೆಸರುಗಳಿದ್ದವು.

ಅವನು ಬಳಸಿದ ‘ಹಳೆಯ ಕಾಲದಲ್ಲಿ’ ಎಂಬ ಮಾತನ್ನು ಗಮನಿಸಿ. ವಾರೋ ಬರೆಯುವ ಹೊತ್ತಿಗೇ ಅವು ಹಳತಾಗಿದ್ದವು. ಅಂದರೆ ಒಂದು ಕಾಲದಲ್ಲಿ ರೋಮಿನ ಹುಡುಗಿಯರಿಗೂ ಹುಟ್ಟಿದ ಗಳಿಗೆಯನ್ನು ಹೇಳುವ ಸ್ವಂತ ಹೆಸರು ಇತ್ತು. ಆಮೇಲೆ ಅದನ್ನು ಬಿಟ್ಟರು, ವಂಶದ ಗುರುತು ಮಾತ್ರ ಉಳಿಯಿತು. ಈ ಒಂದು ಸಾಲು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಸುಕಿನಲ್ಲಿ ಹುಟ್ಟಿದಳು, ಲೂಸಿಯಾ ಎಂದು ಕರೆಯೋಣ ಎಂದು ಯಾವುದೋ ತಾಯಿಯೋ ಸೂಲಗಿತ್ತಿಯೋ ಹೇಳಿರಬೇಕು ಅಲ್ವಾ? ಅಂಥದ್ದೊಂದು ರೂಢಿಯೇ ನಿಂತುಹೋಯಿತು.

ಪದದ ಮೂಲದ ಬಗ್ಗೆ ಸಂದೇಹ ಕಡಿಮೆ. ಲ್ಯಾಟಿನ್‌ನಲ್ಲಿ ಬೆಳಕಿಗೆ ‘ಲೂಕ್ಸ್’ ಎನ್ನುತ್ತಾರೆ. ಅದೇ ಬೇರಿನಿಂದ ಚಂದ್ರನಿಗೆ ‘ಲೂನಾ’ ಬಂತು. ಹೆರಿಗೆ ಕಾಯುವ ದೇವಿಗೆ ‘ಯೂನೋ ಲೂಕೀನಾ’ ಎಂದು ಹೆಸರು, ಮಗುವನ್ನು ಬೆಳಕಿಗೆ ತರುವವಳು ಅವಳು. ರೋಮಿನ ಎಸ್ಕ್ವಿಲಿನ್ ಗುಡ್ಡದ ಮೇಲೆ ಅವಳ ಗುಡಿ ಇತ್ತು, ಮಾರ್ಚ್ 1ಕ್ಕೆ ಮುತ್ತೈದೆಯರು ಅಲ್ಲಿಗೆ ಹೋಗುತ್ತಿದ್ದರು. ಗ್ರೀಕಿನಲ್ಲಿ ಬಿಳಿ ಬಣ್ಣಕ್ಕೆ ‘ಲ್ಯೂಕೋಸ್’ ಎಂದರು, ಅದೂ ಇದೇ ಬೇರು. ನಮಗೆ ಹತ್ತಿರದ ಕೊಂಡಿಯೂ ಒಂದಿದೆ. ಸಂಸ್ಕೃತದ ‘ರುಚ್’ ಧಾತು, ಹೊಳೆ ಎಂಬ ಅರ್ಥದ್ದು, ಇದರ ಒಡಹುಟ್ಟು. ಯುರೋಪಿನ ಭಾಷೆಗಳಲ್ಲಿ ‘ಲ’ ಇರುವ ಕಡೆ ಸಂಸ್ಕೃತದಲ್ಲಿ ಎಷ್ಟೋ ಸಲ ‘ರ’ ಬರುತ್ತದೆ. ಹಾಗಾಗಿ ರುಚಿರ, ವಿರೋಚನ ಎಂದು ನಾವು ಹೇಳುವ ಪದಗಳೂ ಲೂಸಿಯಾ ಎಂಬ ಹೆಸರೂ ದೂರದ ದಾಯಾದಿಗಳು. ಇಷ್ಟು ಹೇಳಿ ಪದದ ವಿಷಯ ಬಿಡುತ್ತೇನೆ. ಹುಡುಗಿಯ ಕಥೆಗೆ ಬರೋಣ.

ಸಿಸಿಲಿ ದ್ವೀಪದ ಪೂರ್ವ ಕರಾವಳಿಯಲ್ಲಿ ಸಿರಾಕ್ಯೂಸ್ ಎಂಬ ಊರಿದೆ. ಕಟ್ಟಿದವರು ಗ್ರೀಕರು. ಆರ್ಕಿಮಿಡೀಸನ ಊರು ಅದು. ಕ್ರಿ.ಪೂ. 212ರಲ್ಲಿ ರೋಮನ್ನರು ಅದನ್ನು ಗೆದ್ದರು, ಆಗಲೇ ಆರ್ಕಿಮಿಡೀಸ್ ಕೊಲೆಯಾದದ್ದು. ಗೆದ್ದು ಐನೂರು ವರ್ಷ ಆದರೂ ಆ ಊರಿನ ಜನ ಗ್ರೀಕ್ ಮಾತಾಡುತ್ತಲೇ ಇದ್ದರು. ಅಂಥ ಊರಲ್ಲಿ ಲೂಸಿಯಾ ಎಂಬ ರೋಮನ್ ಹೆಸರಿನ ಹುಡುಗಿ. ತಾಯಿಯ ಹೆಸರು ಯೂಟಿಕಿಯಾ, ಅದು ಅಪ್ಪಟ ಗ್ರೀಕ್. ಎರಡು ಭಾಷೆ ಬೆರೆತ ಮನೆ ಅನ್ನಿ.

ಚಕ್ರವರ್ತಿ ಡಯೊಕ್ಲೀಷಿಯನ್ ಕ್ರೈಸ್ತರ ಮೇಲೆ ದಬ್ಬಾಳಿಕೆ ನಡೆಸಿದ ಕಾಲ. ಲೂಸಿಯಾ ಸತ್ತದ್ದು ಕ್ರಿ.ಶ. 304ರ ಡಿಸೆಂಬರ್ 13ರಂದು ಎಂದು ಸಂಪ್ರದಾಯ ಹೇಳುತ್ತದೆ. ಕಥೆ ಹೀಗಿದೆ. ತಂದೆ ಇಲ್ಲ. ತಾಯಿಗೆ ನಿಲ್ಲದ ರಕ್ತಸ್ರಾವ. ಇಬ್ಬರೂ ಕಟಾನಿಯಾ ಊರಿನ ಸಂತ ಅಗಾಥಾಳ ಸಮಾಧಿಗೆ ಹೋಗಿ ಬೇಡಿಕೊಳ್ಳುತ್ತಾರೆ. ತಾಯಿ ಗುಣವಾಗುತ್ತಾಳೆ. ತನ್ನ ವರದಕ್ಷಿಣೆಗೆಂದು ಇಟ್ಟದ್ದನ್ನೆಲ್ಲ ಬಡವರಿಗೆ ಹಂಚುವಂತೆ ಮಗಳು ತಾಯಿಯನ್ನು ಒಪ್ಪಿಸುತ್ತಾಳೆ. ಮದುವೆಗೆ ನಿಶ್ಚಯವಾಗಿದ್ದ ಹುಡುಗ ಸಿಟ್ಟಾಗಿ, ಇವಳು ಕ್ರೈಸ್ತಳು ಎಂದು ಅಧಿಕಾರಿ ಪಾಸ್ಕಾಸಿಯಸ್‌ಗೆ ದೂರು ಕೊಡುತ್ತಾನೆ. ಅಧಿಕಾರಿ ಅವಳನ್ನು ವೇಶ್ಯಾಗೃಹಕ್ಕೆ ಎಳೆದೊಯ್ಯಲು ಹೇಳುತ್ತಾನೆ. ಎತ್ತುಗಳನ್ನು ಕಟ್ಟಿ ಎಳೆದರೂ ಅವಳು ಕದಲುವುದಿಲ್ಲ. ಬೆಂಕಿ ಸುಡುವುದಿಲ್ಲ. ಕೊನೆಗೆ ಗಂಟಲಿಗೆ ಕತ್ತಿ ಇಳಿಸುತ್ತಾರೆ.

ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ಆಮೇಲೆ ಬೆಳೆದದ್ದು? ಎತ್ತು ಮತ್ತು ಬೆಂಕಿಯ ಪ್ರಸಂಗಗಳು ಅಂದಿನ ಹಲವು ಹುತಾತ್ಮರ ಕಥೆಗಳಲ್ಲಿ ಬರುವಂಥವೇ. ಆದರೆ ಆ ಹುಡುಗಿ ಸುಮ್ನೆ ಕಲ್ಪನೆ ಅಲ್ಲ ಎಂದು ನಂಬಲು ಗಟ್ಟಿಯಾದ ಒಂದು ಕಲ್ಲು ಸಿಕ್ಕಿದೆ. 1894ರಲ್ಲಿ ಪುರಾತತ್ತ್ವಜ್ಞ ಪಾವೊಲೊ ಒರ್ಸಿ ಸಿರಾಕ್ಯೂಸ್‌ನ ಸಾನ್ ಜೊವಾನ್ನಿ ನೆಲಮಾಳಿಗೆ ಸ್ಮಶಾನದಲ್ಲಿ ಗ್ರೀಕ್ ಅಕ್ಷರದ ಒಂದು ಸಮಾಧಿ ಶಾಸನವನ್ನು ಕಂಡುಹಿಡಿದ. ಯೂಸ್ಕಿಯಾ ಎಂಬ ಹೆಂಗಸಿನ ಸಮಾಧಿ ಅದು. ಗಂಡ ಬರೆಸಿದ್ದು. ಸುಮಾರು 25 ವರ್ಷ ಬಾಳಿದಳು, ನನ್ನ ಒಡತಿ ಲೂಸಿಯಾಳ ಹಬ್ಬದ ದಿನ ತೀರಿಕೊಂಡಳು ಎಂಬ ಒಕ್ಕಣೆ ಅದರಲ್ಲಿದೆ. ನಾಲ್ಕನೆಯ ಶತಮಾನದ ಕೊನೆ ಇಲ್ಲವೇ ಐದರ ಶುರುವಿನ ಕಲ್ಲು ಎಂದು ವಿದ್ವಾಂಸರು ಹೇಳುತ್ತಾರೆ. ಅಂದರೆ ಲೂಸಿಯಾ ಸತ್ತು ಸುಮಾರು ನೂರು ವರ್ಷದೊಳಗೆ ಅವಳ ಊರಿನವರು ಅವಳ ಹೆಸರಲ್ಲಿ ಹಬ್ಬ ಮಾಡುತ್ತಿದ್ದರು.

ಹೆಂಡತಿಯನ್ನು ಕಳೆದುಕೊಂಡ ಒಬ್ಬ ಸಾಮಾನ್ಯ ಗಂಡಸು, ಸಾವಿನ ದಿನವನ್ನು ಗುರುತಿಸಲು ಚಕ್ರವರ್ತಿಯ ಹೆಸರು ಹಿಡಿಯಲಿಲ್ಲ. ಊರಿನ ಒಬ್ಬ ಹುಡುಗಿಯ ಹೆಸರು ಹಿಡಿದ. ಲೂಸಿಯಾ ಎಂಬ ಹೆಸರಿನ ಚರಿತ್ರೆಯಲ್ಲಿ ನನ್ನ ಲೆಕ್ಕಕ್ಕೆ ಇದಕ್ಕಿಂತ ದೊಡ್ಡ ದಾಖಲೆ ಇಲ್ಲ. ಮುಂದೆ ಆರನೆಯ ಶತಮಾನದ ಹೊತ್ತಿಗೆ ರೋಮಿನ ಪೂಜಾ ಪ್ರಾರ್ಥನೆಯಲ್ಲೇ ಅವಳ ಹೆಸರು ಸೇರಿತು. ಫೆಲಿಸಿಟಿ, ಪೆರ್ಪೆತುವಾ, ಅಗಾಥಾ, ಲೂಸಿಯಾ, ಆಗ್ನೆಸ್, ಸಿಸಿಲಿಯಾ, ಅನಸ್ತಾಸಿಯಾ. ಬಲಿಪೂಜೆ, ಅಂದರೆ ಚರ್ಚಿನ ಮಾಸ್, ನಡೆದ ಊರಿನಲ್ಲೆಲ್ಲ ಈ ಏಳು ಹೆಣ್ಣುಹೆಸರುಗಳು ಜನರ ಕಿವಿಗೆ ಬೀಳತೊಡಗಿದವು. ಮಗಳಿಗೆ ಹೆಸರಿಡುವಾಗ ಅಪ್ಪನ ವಂಶವನ್ನು ನೋಡದೆ, ಹಿಂದೆ ಬಾಳಿದ ಇನ್ನೊಬ್ಬ ಹೆಣ್ಣಿನ ನೆನಪಿಗೆ ಇಡುವ ದಾರಿ ತೆರೆಯಿತು. ರೋಮಿನ ಜೂಲಿಯಾಗಳಿಗೂ ಈ ಲೂಸಿಯಾಗಳಿಗೂ ಇರುವ ವ್ಯತ್ಯಾಸ ಇದೇ.

ಇನ್ನು ಕಣ್ಣಿನ ವಿಷಯ. ಯುರೋಪಿನ ಚರ್ಚುಗಳಲ್ಲಿ ಲೂಸಿಯಾಳ ಚಿತ್ರ ನೋಡಿದವರು ಬೆಚ್ಚಿಬೀಳುತ್ತಾರೆ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಎರಡು ಕಣ್ಣು. ಅವಳ ಕಣ್ಣು ಕಿತ್ತರು ಎಂದು ಒಂದು ಕಥೆ. ಕಣ್ಣಿನ ಚೆಂದಕ್ಕೆ ಮರುಳಾದವನಿಗೆ ತಾನೇ ಕಿತ್ತು ಕಳಿಸಿದಳು ಎಂದು ಇನ್ನೊಂದು. ಆದರೆ ಅವಳ ಹುತಾತ್ಮತೆಯ ಹಳೆಯ ಬರಹಗಳಲ್ಲಿ ಕಣ್ಣಿನ ಸುದ್ದಿಯೇ ಇಲ್ಲ. ಅದು ಮಧ್ಯಯುಗದಲ್ಲಿ ಸೇರಿಕೊಂಡದ್ದು. ಹೆಸರಿನಲ್ಲಿ ಬೆಳಕಿದೆ, ಬೆಳಕು ಬೇಕಾದದ್ದು ಕಣ್ಣಿಗೆ, ಆದ್ದರಿಂದ ಇವಳು ಕಣ್ಣಿನ ಸಂತಳು. ಜನ ಹೀಗೆ ಯೋಚಿಸಿದರು ಎಂದೇ ನನಗೆ ತೋರುತ್ತದೆ. ಹದಿಮೂರನೆಯ ಶತಮಾನದಲ್ಲಿ ಸಂತರ ಕಥೆಗಳನ್ನು ಸಂಗ್ರಹಿಸಿದ ಯಾಕೊಬುಸ್ ಎಂಬ ಪಾದ್ರಿಯೂ ಅವಳ ಕಥೆಯನ್ನು ಶುರುಮಾಡುವುದೇ ಹೆಸರಿನ ಅರ್ಥದಿಂದ: ಬೆಳಕಿನ ದಾರಿ. ಹುಟ್ಟಿದ ಗಳಿಗೆಯನ್ನು ಹೇಳುತ್ತಿದ್ದ ಸಾದಾ ಹೆಸರು ಇಲ್ಲಿಗೆ ಬರುವಾಗ ಪವಾಡದ ಹೆಸರಾಗಿದೆ. ಇವತ್ತಿಗೂ ಕಣ್ಣಿನ ತೊಂದರೆ ಇರುವವರು ಅವಳಿಗೆ ಹರಕೆ ಹೇಳಿಕೊಳ್ಳುತ್ತಾರೆ. ಬೆಳ್ಳಿಯಲ್ಲಿ ಕಣ್ಣು ಮಾಡಿಸಿ ಒಪ್ಪಿಸುತ್ತಾರೆ. ನಮ್ಮಲ್ಲೂ ದೇವಿಗೆ ಬೆಳ್ಳಿ ಕಣ್ಣು ಒಪ್ಪಿಸುವ ಹರಕೆ ಇದೆಯಲ್ಲ, ಹಾಗಾಗಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಕವಿ ದಾಂತೆಗೆ ಅವಳ ಮೇಲೆ ವಿಶೇಷ ಭಕ್ತಿ. ಓದಿ ಓದಿ ಕಣ್ಣು ದಣಿದು ನಕ್ಷತ್ರಗಳೇ ಮಸುಕಾಗಿ ಕಾಣುತ್ತಿದ್ದವು ಎಂದು ಅವನೇ ಒಂದು ಕಡೆ ಬರೆದುಕೊಂಡಿದ್ದಾನೆ. ಅವನ ಮಹಾಕಾವ್ಯದ ಮೂರೂ ಭಾಗಗಳಲ್ಲಿ ಲೂಸಿಯಾ ಬರುತ್ತಾಳೆ. ಮೊದಲ ಭಾಗದಲ್ಲಿ ಅವಳನ್ನು ಎಲ್ಲ ಕ್ರೌರ್ಯದ ವೈರಿ ಎಂದು ಕರೆಯುತ್ತಾನೆ. ದಾರಿ ತಪ್ಪಿದ ಕವಿಗೆ ನೆರವು ಬೇಕು ಎಂಬ ಸುದ್ದಿಯನ್ನು ಅವನು ಪ್ರೀತಿಸಿದ ಬಿಯಾತ್ರಿಚೆಗೆ ಮುಟ್ಟಿಸುವವಳು ಲೂಸಿಯಾಳೇ. ಎರಡನೆಯ ಭಾಗದಲ್ಲಿ ನಿದ್ದೆಹೋದ ಕವಿಯನ್ನು ಎತ್ತಿಕೊಂಡು, ಸತ್ತವರು ಪಾಪ ತೊಳೆದುಕೊಳ್ಳುವ ಬೆಟ್ಟದ ಬಾಗಿಲಿಗೆ ತಂದು ಬಿಡುತ್ತಾಳೆ, ಅದೂ ನಸುಕಿನ ಹೊತ್ತಿನಲ್ಲಿ.

ಚಿತ್ರಗಳಲ್ಲಿ ನನಗೆ ಎಲ್ಲಕ್ಕಿಂತ ನಿಜ ಎನಿಸುವುದು ಇಟಲಿಯ ಚಿತ್ರಕಾರ ಕಾರಾವಾಜ್ಜೊ 1608ರಲ್ಲಿ ಬರೆದದ್ದು. ಮಾಲ್ಟಾದ ಸೆರೆಯಿಂದ ತಪ್ಪಿಸಿಕೊಂಡು ಬಂದು ಸಿರಾಕ್ಯೂಸ್‌ನಲ್ಲಿ ಅಡಗಿದ್ದಾಗ, ಅವಳ ಹಳೆಯ ಸಮಾಧಿಯ ಜಾಗದಲ್ಲಿದ್ದ ಚರ್ಚಿಗಾಗಿ ಬರೆದ. ಮುಂದೆ ಗುಂಡಿ ತೋಡುವ ಇಬ್ಬರು ಭಾರಿ ಆಳುಗಳು. ಅವರ ಹಿಂದೆ ನೆಲದ ಮೇಲೆ ಪುಟ್ಟದಾಗಿ ಬಿದ್ದಿರುವ ಹುಡುಗಿಯ ಹೆಣ. ಗಂಟಲಲ್ಲಿ ಗಾಯ. ಸುತ್ತ ಅಳುವ ಜನ. ಚಿತ್ರದ ಮೇಲಿನ ಅರ್ಧ ಬರೀ ಬೋಳು ಗೋಡೆ. ತಟ್ಟೆ ಇಲ್ಲ, ಕಿತ್ತ ಕಣ್ಣಿಲ್ಲ, ದೇವದೂತರಿಲ್ಲ. ಪವಾಡಗಳನ್ನೆಲ್ಲ ಬದಿಗಿಟ್ಟು, ಇಲ್ಲೊಬ್ಬ ಹುಡುಗಿಯನ್ನು ಕೊಂದರು ಎಂದಷ್ಟೇ ಆ ಚಿತ್ರ ಹೇಳುತ್ತದೆ. ಆ ಊರಿನವರು ಡಿಸೆಂಬರ್ 13ರಂದು ಅವಳ ಬೆಳ್ಳಿಯ ಮೂರ್ತಿಯನ್ನು ಹೊತ್ತು ಮೆರವಣಿಗೆ ಮಾಡುತ್ತಾರೆ. ಹೊರಡುವುದು ದೊಡ್ಡ ಚರ್ಚಿನಿಂದ. ಅದನ್ನು ಕಟ್ಟಿರುವುದು ಅಥೀನಾ ದೇವಿಯ ಪುರಾತನ ಗುಡಿಯೊಳಗೆ, ಗೋಡೆಯಲ್ಲಿ ಗ್ರೀಕ್ ಕಂಬಗಳು ಇನ್ನೂ ಎದ್ದು ಕಾಣುತ್ತವೆ. ದಾರಿಯುದ್ದಕ್ಕೂ ಜನ ಸಿಸಿಲಿಯ ಮಾತಿನಲ್ಲಿ ಕೂಗುವುದು ‘ಸಾರಾವುಸಾನಾ ಯೆ!’ ಎಂದು. ಅವಳು ನಮ್ಮೂರಿನವಳು ಎಂದರ್ಥ. ಜಗತ್ತೆಲ್ಲ ಹರಡಿದ ಹೆಸರನ್ನು ಊರಿನವರು ಇನ್ನೂ ಮಗಳಂತೆ ಹಿಡಿದುಕೊಂಡಿದ್ದಾರೆ.

ಅವತ್ತು ಸಿಸಿಲಿಯಲ್ಲಿ ಬ್ರೆಡ್ಡು, ಪಾಸ್ತಾ ತಿನ್ನುವುದಿಲ್ಲ. ಇಡೀ ಗೋಧಿಯನ್ನು ಬೇಯಿಸಿ, ರಿಕೊತ್ತಾ ಗಿಣ್ಣು ಬೆರೆಸಿ ‘ಕುಚ್ಚೀಯಾ’ ಎಂಬ ಸಿಹಿ ಮಾಡುತ್ತಾರೆ. 1646ರ ಬರದಲ್ಲಿ ಅವಳ ಹಬ್ಬದ ದಿನವೇ ಗೋಧಿಯ ಹಡಗು ಬಂತಂತೆ. ಬೀಸುವಷ್ಟು ತಾಳ್ಮೆ ಇಲ್ಲದೆ ಹಸಿದ ಜನ ಕಾಳನ್ನೇ ಬೇಯಿಸಿ ತಿಂದರಂತೆ. ಪಲೆರ್ಮೊ ಊರಿನವರು ಹಡಗು ಬಂದದ್ದು ತಮ್ಮ ಬಂದರಿಗೆ ಎನ್ನುತ್ತಾರೆ, ಸಿರಾಕ್ಯೂಸ್‌ನವರು ತಮ್ಮದಕ್ಕೆ ಎನ್ನುತ್ತಾರೆ.

ಈಗ ನನಗೆ ತುಂಬಾ ಪ್ರೀತಿಯ ಭಾಗಕ್ಕೆ ಬರುತ್ತೇನೆ. ಸಿಸಿಲಿಯ ಈ ಹುಡುಗಿ ಸ್ವೀಡನ್‌ಗೆ ಹೋದದ್ದು ಹೇಗೆ?

ಇದಕ್ಕೆ ಪಂಚಾಂಗದ ಒಂದು ಎಡವಟ್ಟು ಕಾರಣ. ಜೂಲಿಯಸ್ ಸೀಸರ್ ತಂದ ಪಂಚಾಂಗದಲ್ಲಿ ವರ್ಷಕ್ಕೆ 365 ದಿನ 6 ಗಂಟೆ. ನಿಜವಾದ ವರ್ಷ ಇದಕ್ಕಿಂತ ಸುಮಾರು 11 ನಿಮಿಷ ಚಿಕ್ಕದು. ಹನ್ನೊಂದು ನಿಮಿಷ ಏನು ಮಹಾ ಎನಿಸಬಹುದು. ಆದರೆ ಸುಮಾರು 128 ವರ್ಷಕ್ಕೆ ಒಂದು ದಿನ ತಪ್ಪುತ್ತದೆ. ಲೂಸಿಯಾ ಸತ್ತ ಕಾಲದಲ್ಲಿ ವರ್ಷದ ಅತಿ ಉದ್ದದ ರಾತ್ರಿ ಡಿಸೆಂಬರ್ 21ರ ಆಸುಪಾಸು ಬೀಳುತ್ತಿತ್ತು. ಹದಿನಾಲ್ಕನೆಯ ಶತಮಾನದ ಹೊತ್ತಿಗೆ ಅದು ಜಾರುತ್ತಾ ಜಾರುತ್ತಾ ಡಿಸೆಂಬರ್ 13ಕ್ಕೆ ಬಂದು ನಿಂತಿತ್ತು. ಅಂದರೆ ಸರಿಯಾಗಿ ಲೂಸಿಯಾಳ ಹಬ್ಬದ ದಿನ. ಯಾರೂ ಹೀಗೆ ಮಾಡೋಣ ಎಂದು ಕೂತು ಯೋಚಿಸಲಿಲ್ಲ. ಬೆಳಕು ಎಂಬ ಹೆಸರಿನವಳ ಹಬ್ಬ ವರ್ಷದ ಅತಿ ಕತ್ತಲೆಯ ರಾತ್ರಿಗೆ ತಾನಾಗಿ ಬಂದು ಕೂತಿತು. 1582ರಲ್ಲಿ ಪೋಪ್ ಗ್ರೆಗರಿ ಪಂಚಾಂಗ ತಿದ್ದಿ ಹತ್ತು ದಿನ ತೆಗೆದುಹಾಕಿದರು. ಉದ್ದದ ರಾತ್ರಿ ಮತ್ತೆ 21ರ ಹತ್ತಿರಕ್ಕೆ ಹೋಯಿತು. ಹಬ್ಬ ಮಾತ್ರ 13ರಲ್ಲೇ ಉಳಿಯಿತು. ‘ಸಾಂತಾ ಲುಚೀಯಾ, ಇದಕ್ಕಿಂತ ಗಿಡ್ಡ ದಿನ ಇನ್ನಿಲ್ಲ’ ಎಂಬ ಅರ್ಥದ ಗಾದೆಯನ್ನು ಇಟಲಿಯವರು ಈಗಲೂ ಹೇಳುತ್ತಾರೆ. ಸ್ವೀಡನ್ ಹೊಸ ಪಂಚಾಂಗಕ್ಕೆ ಬಂದದ್ದು 1753ರಲ್ಲಿ. ಅಷ್ಟರೊಳಗೆ ಅಲ್ಲಿನ ಹಳ್ಳಿಗರ ಮನಸ್ಸಿನಲ್ಲಿ ಲೂಸಿಯಾಳ ರಾತ್ರಿ ಎಂದರೆ ಉದ್ದದ ರಾತ್ರಿ ಎಂದು ಕೂತುಬಿಟ್ಟಿತ್ತು.

ಉತ್ತರದ ಚಳಿಗಾಲ ನಮ್ಮ ಕಲ್ಪನೆಗೆ ಸಿಗುವುದು ಕಷ್ಟ. ಡಿಸೆಂಬರ್ ಮಧ್ಯದಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮಧ್ಯಾಹ್ನ ಮೂರಾಗುವ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಬೆಳಗಾಗುವುದು ಎಂಟೂವರೆ ದಾಟಿದ ಮೇಲೆ. ಹಳೆಯ ಜನರಿಗೆ ಆ ರಾತ್ರಿ ಭಯದ ರಾತ್ರಿ. ಲುಸ್ಸಿ ಎಂಬ ಹೆಣ್ಣು ಪಿಶಾಚಿ ತಿರುಗಾಡುತ್ತಾಳೆ, ದನಕರು ಮಾತಾಡುತ್ತವೆ ಎಂದು ನಂಬಿದ್ದರು. ಕೊಟ್ಟಿಗೆಯ ದನಕ್ಕೆ ಅವತ್ತು ಮೇವು ಜಾಸ್ತಿ ಹಾಕುತ್ತಿದ್ದರು. ಸಿಸಿಲಿಯ ಸಂತಳೂ ಉತ್ತರದ ಪಿಶಾಚಿಯೂ ಒಂದೇ ರಾತ್ರಿಯಲ್ಲಿ, ಹತ್ತಿರಹತ್ತಿರದ ಹೆಸರಿನಲ್ಲಿ ಇದ್ದರು.

ಬಿಳಿ ಬಟ್ಟೆಯ ಲೂಸಿಯಾ ಮೊದಲು ದಾಖಲೆಯಲ್ಲಿ ಕಾಣುವುದು ಹದಿನೆಂಟನೆಯ ಶತಮಾನದಲ್ಲಿ, ಪಶ್ಚಿಮ ಸ್ವೀಡನ್‌ನ ಜಮೀನ್ದಾರಿ ಮನೆಗಳಲ್ಲಿ. 1927ರಲ್ಲಿ ಸ್ಟಾಕ್‌ಹೋಮ್‌ನ ಒಂದು ಪತ್ರಿಕೆ ಊರಿಗೊಬ್ಬ ಲೂಸಿಯಾಳನ್ನು ಆರಿಸುವ ಸ್ಪರ್ಧೆ ಇಟ್ಟಿತು. ಅಲ್ಲಿಂದ ಅದು ದೇಶದ ಹಬ್ಬವೇ ಆಯಿತು. ಈಗ ಪ್ರತಿ ಶಾಲೆ, ಆಸ್ಪತ್ರೆ, ಕಚೇರಿಯಲ್ಲೂ ಆ ದಿನ ಬೆಳಗ್ಗೆ ಕತ್ತಲಲ್ಲಿ ಮೆರವಣಿಗೆ ಬರುತ್ತದೆ. ಮುಂದೆ ಒಬ್ಬ ಹುಡುಗಿ. ಉದ್ದನೆ ಬಿಳಿ ನಿಲುವಂಗಿ, ಸೊಂಟಕ್ಕೆ ಕೆಂಪು ಪಟ್ಟಿ, ತಲೆಯ ಮೇಲೆ ಮೇಣದಬತ್ತಿಗಳ ಕಿರೀಟ. ಕೆಂಪು ಪಟ್ಟಿ ಅವಳ ರಕ್ತದ ಗುರುತು ಎನ್ನುತ್ತಾರೆ. ಹಿಂದೆ ಬಿಳಿ ಬಟ್ಟೆಯ ಹುಡುಗಿಯರು, ನಕ್ಷತ್ರ ಅಂಟಿಸಿದ ಚೂಪು ಟೋಪಿಯ ಹುಡುಗರು. ತಿನ್ನಲು ಕೇಸರಿ ಹಾಕಿದ ಹಳದಿ ಬನ್ನು, ಸುರುಳಿ ಸುತ್ತಿ ಎರಡು ಒಣದ್ರಾಕ್ಷಿ ಒತ್ತಿದ್ದು. ಅಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳೂ ಶಾಲೆಯಲ್ಲಿ ಬಿಳಿ ಅಂಗಿ ತೊಟ್ಟು ಇದರಲ್ಲಿ ನಡೆಯುತ್ತಾರೆ. ನೊಬೆಲ್ ಪ್ರಶಸ್ತಿಗೆಂದು ಬಂದು ಹೋಟೆಲಿನಲ್ಲಿ ಉಳಿದವರ ಕೋಣೆಯ ಬಾಗಿಲಿಗೂ ಆ ಬೆಳಗ್ಗೆ ಈ ಹಾಡು ಬರುತ್ತದೆ. ಹಾಡಿನ ಧಾಟಿ ನೇಪಲ್ಸ್‌ನದು. ಮೂಲದಲ್ಲಿ ಅದು ಸಾಂತಾ ಲುಚೀಯಾ ಎಂಬ ದಕ್ಕೆ ಬೀದಿಯ ದೋಣಿಯವನು, ಬನ್ನಿ ದೋಣಿ ಹತ್ತಿ ಎಂದು ಕರೆಯುವ ಹಾಡು. ಸ್ವೀಡನ್‌ನವರು ಅದಕ್ಕೆ ಕತ್ತಲು, ಬೆಳಕಿನ ಹೊಸ ಸಾಲುಗಳನ್ನು ಕೂಡಿಸಿದರು.

ಸ್ವೀಡನ್ ಲೂಥರನ ಪಂಥದ ನಾಡು. ಸುಧಾರಣೆಯ ಕಾಲದಲ್ಲಿ ಸಂತರ ಪೂಜೆಯನ್ನು ಕೈಬಿಟ್ಟ ನಾಡು. ಉಳಿದ ಸಂತರು ಹೋದರು, ಇವಳು ಉಳಿದಳು. ಚರ್ಚು ಇಟ್ಟುಕೊಂಡದ್ದಲ್ಲ, ಮನೆಯ ಹೆಣ್ಣುಮಕ್ಕಳು ಇಟ್ಟುಕೊಂಡದ್ದು.

ಬೇರೆ ಕಡೆಯ ರೂಢಿಗಳನ್ನು ಬೇಗ ಹೇಳಿಬಿಡುತ್ತೇನೆ. ಉತ್ತರ ಇಟಲಿಯ ಬೆರ್ಗಾಮೊ, ವೆರೋನಾ ಕಡೆ ಮಕ್ಕಳಿಗೆ ಉಡುಗೊರೆ ತರುವವಳು ಇವಳು. ಕತ್ತೆಯ ಮೇಲೆ ಬರುತ್ತಾಳೆ, ಅದಕ್ಕೆಂದು ಮಕ್ಕಳು ಹುಲ್ಲು ಇಡುತ್ತಾರೆ. ಹಂಗೇರಿಯಲ್ಲಿ ಅವಳು ಲುತ್ಸ. ಅವಳ ಹಬ್ಬದ ದಿನ ಒಂದು ಮಣೆ ಮಾಡಲು ಶುರುಮಾಡಿ, ದಿನಕ್ಕೆ ಚೂರೇ ಚೂರು ಕೆಲಸ ಮಾಡಿ ಕ್ರಿಸ್ಮಸ್ ಹಿಂದಿನ ದಿನ ಮುಗಿಸುತ್ತಾರೆ. ನಡುರಾತ್ರಿಯ ಪೂಜೆಯಲ್ಲಿ ಅದರ ಮೇಲೆ ನಿಂತವನಿಗೆ ಊರಿನ ಮಾಟಗಾತಿಯರು ಯಾರೆಂದು ಕಾಣುತ್ತದಂತೆ. ತಟ್ಟೆಯಲ್ಲಿ ಗೋಧಿ ಬಿತ್ತಿ ಕ್ರಿಸ್ಮಸ್ ಹೊತ್ತಿಗೆ ಹಸಿರು ಮಾಡುವ ಪದ್ಧತಿಯೂ ಆ ಕಡೆ ಇದೆ.

ಹೆಸರಿನ ಉಚ್ಚಾರ ಊರಿಗೊಂದು ಥರ. ಇಟಲಿಯಲ್ಲಿ ಲುಚೀಯಾ. ಸ್ವೀಡನ್‌ನಲ್ಲಿ ಲುಸೀಯಾ. ಫ್ರಾನ್ಸಿನಲ್ಲಿ ಲ್ಯೂಸಿ, ಇಂಗ್ಲೆಂಡಿನಲ್ಲಿ ಲೂಸಿ. ಪೋಲೆಂಡಿನಲ್ಲಿ ವುತ್ಸ್ಯಾ ಎಂದಾಗ ಅದು ಇದೇ ಹೆಸರು ಎಂದು ಹೇಳಿದರೂ ನಂಬುವುದು ಕಷ್ಟ. ಸ್ಪೇನಿನಲ್ಲಿ ಲುತೀಯಾ. ಅಲ್ಲಿ ಈ ಶತಮಾನದಲ್ಲಿ ಹುಟ್ಟಿದ ಹೆಣ್ಣುಮಕ್ಕಳ ಹೆಸರುಗಳ ಪಟ್ಟಿಯಲ್ಲಿ ಅದು ಹಲವು ವರ್ಷ ಮೊದಲ ಸ್ಥಾನದಲ್ಲಿತ್ತು. ಪೋರ್ಚುಗಲ್‌ನಲ್ಲಿ ಲೂಸಿಯಾ, ಲುಝೀಯಾ ಎರಡೂ ಇವೆ. ಪೋರ್ಚುಗೀಸರ ಜೊತೆ ಅದು ಗೋವಾಕ್ಕೆ ಬಂತು. ಗೋವಾದಿಂದ ತೆಂಕಣಕ್ಕೆ ಬಂದ ಕೊಂಕಣಿ ಕ್ರೈಸ್ತರ ಜೊತೆ ನಮ್ಮ ಕರಾವಳಿಗೂ ಬಂತು. ಮೊದಲು ಹೇಳಿದ ಲೂಸಿ ಟೀಚರ್, ಲೂಸಿ ಆಂಟಿಯವರ ಹೆಸರಿನ ದಾರಿ ಇದು. ಅತ್ತ, ರೋಮಿನ ಕಲ್ಲುಗಳ ಮೇಲೆಲ್ಲ ಇದ್ದ ಲೂಸಿಯಸ್ ಇವತ್ತು ಅಪರೂಪ. ಇಟಲಿಯಲ್ಲಿ ಲೂಚೊ ಎಂದು ಉಳಿದಿದೆ ನಿಜ. ಆದರೆ ಹೆಣ್ಣುಹೆಸರು ಗಂಡುಹೆಸರನ್ನು ಎಂದೋ ಹಿಂದೆ ಹಾಕಿ ಹೋಗಿದೆ.

ನಕ್ಷೆಯ ಮೇಲೂ ಅವಳಿದ್ದಾಳೆ. ವೆನಿಸ್‌ಗೆ ರೈಲಿನಲ್ಲಿ ಹೋದವರು ಇಳಿಯುವ ನಿಲ್ದಾಣದ ಹೆಸರು ಸಾಂತಾ ಲುಚೀಯಾ. ಅವಳ ದೇಹ ಎಂದು ನಂಬಲಾದ ಅವಶೇಷ ಕಾನ್‌ಸ್ಟಾಂಟಿನೋಪಲ್ ಮೂಲಕ 1204ರಲ್ಲಿ ವೆನಿಸ್ ಸೇರಿತು ಎನ್ನುತ್ತಾರೆ. ಅದನ್ನು ಇಟ್ಟಿದ್ದ ಚರ್ಚನ್ನು 1861ರಲ್ಲಿ ರೈಲು ನಿಲ್ದಾಣಕ್ಕಾಗಿ ಕೆಡವಿದರು. ಅವಶೇಷ ಹತ್ತಿರದ ಸಾನ್ ಜೆರೆಮಿಯಾ ಚರ್ಚಿಗೆ ಹೋಯಿತು, ಹೆಸರು ನಿಲ್ದಾಣಕ್ಕೆ ಉಳಿಯಿತು. ಇನ್ನು ಕ್ರಿಕೆಟ್ ನೋಡುವವರಿಗೆ ಸೇಂಟ್ ಲೂಸಿಯಾ ದ್ವೀಪ ಗೊತ್ತೇ ಇದೆ. ಡಾರೆನ್ ಸ್ಯಾಮಿಯ ನಾಡು. 2024ರ ಟಿ20 ವಿಶ್ವಕಪ್ಪಿನಲ್ಲಿ ಆಸ್ಟ್ರೇಲಿಯಾ ವಿರುದ್ಧ ರೋಹಿತ್ ಶರ್ಮಾ 92 ಹೊಡೆದದ್ದು ಸ್ಯಾಮಿಯ ಹೆಸರಿನ ಮೈದಾನದಲ್ಲೇ. ಆ ಪುಟ್ಟ ದ್ವೀಪಕ್ಕಾಗಿ ಫ್ರೆಂಚರೂ ಬ್ರಿಟಿಷರೂ ಮತ್ತೆ ಮತ್ತೆ ಕಾದಾಡಿದರು. ಹದಿನಾಲ್ಕು ಸಲ ಕೈ ಬದಲಾಯಿತು ಎನ್ನುವುದು ರೂಢಿಯ ಲೆಕ್ಕ. 1979ರ ಫೆಬ್ರವರಿ 22ರಂದು ಸ್ವತಂತ್ರವಾಯಿತು. ಆದರೂ ಅಲ್ಲಿನ ರಾಷ್ಟ್ರೀಯ ದಿನ ಡಿಸೆಂಬರ್ 13.

ಇಥಿಯೋಪಿಯಾದ ಹಾದಾರ್‌ನಲ್ಲಿ 1974ರ ನವೆಂಬರ್ 24ರಂದು ಸಿಕ್ಕ 32 ಲಕ್ಷ ವರ್ಷ ಹಳೆಯ, ಮನುಷ್ಯರ ಪೂರ್ವಜರ ಕಾಲದ ಅಸ್ಥಿಪಂಜರಕ್ಕೂ ಲೂಸಿ ಎಂದೇ ಹೆಸರು. ಅವತ್ತು ರಾತ್ರಿ ಶಿಬಿರದ ಟೇಪ್ ರೆಕಾರ್ಡರ್‌ನಲ್ಲಿ ಲೂಸಿ ಎಂಬ ಹುಡುಗಿಯ ಮೇಲಿನ ಬೀಟಲ್ಸ್ ಹಾಡು ಕೇಳಿಬರುತ್ತಿತ್ತು, ಅದರಿಂದ ಈ ಹೆಸರು ಬಂತು. ಇಥಿಯೋಪಿಯಾದವರು ಅವಳನ್ನು ದಿಂಕ್‌ನೆಶ್ ಎನ್ನುತ್ತಾರೆ, ನೀನು ಅದ್ಭುತ ಎಂದರ್ಥ. 2021ರಲ್ಲಿ ನಾಸಾ ಗುರುಗ್ರಹದ ಕಕ್ಷೆಯ ಕ್ಷುದ್ರಗ್ರಹಗಳ ಕಡೆಗೆ ಕಳಿಸಿದ ನೌಕೆಗೆ ಈ ಅಸ್ಥಿಪಂಜರದ ನೆನಪಿಗೆ ಲೂಸಿ ಎಂದು ಹೆಸರಿಟ್ಟರು.

ಮಾತು ಮುಗಿದ ಮೇಲೆ ಸಭೆಯಲ್ಲಿ ಎರಡು ಒಳ್ಳೆಯ ಪ್ರಶ್ನೆ ಬಂದವು. ಅವುಗಳಿಗೆ ಕೊಟ್ಟ ಉತ್ತರವನ್ನೂ ಇಲ್ಲಿ ಸೇರಿಸುತ್ತೇನೆ.

ಮೊದಲನೆಯದು, ಲೂಸಿಯಾಗೂ ಲೂಸಿಫರ್‌ಗೂ ಸಂಬಂಧ ಇದೆಯೇ ಎಂಬುದು. ಬೇರು ಒಂದೇ. ಲೂಸಿಫರ್ ಎಂದರೆ ಬೆಳಕು ಹೊತ್ತು ತರುವವನು. ರೋಮನ್ನರು ಬೆಳ್ಳಿ ಚುಕ್ಕಿಗೆ ಇಟ್ಟಿದ್ದ ಹೆಸರು ಅದು. ಬೈಬಲಿನ ಯೆಶಾಯನ ಗ್ರಂಥದಲ್ಲಿ ಆಕಾಶದಿಂದ ಬಿದ್ದ ಬೆಳ್ಳಿ ಚುಕ್ಕಿಯ ಮಾತು ಬರುತ್ತದೆ. ಲ್ಯಾಟಿನ್ ಅನುವಾದದಲ್ಲಿ ಅಲ್ಲಿ ಈ ಪದ ಬಂತು. ಆಮೇಲೆ ಅದು ಸೈತಾನನ ಹೆಸರು ಎಂದಾಯಿತು. ನಾಲ್ಕನೆಯ ಶತಮಾನದಲ್ಲಿ ಸಾರ್ಡಿನಿಯಾದ ಕಾಲ್ಯಾರಿ ಊರಿನ ಬಿಷಪ್‌ನ ಹೆಸರೇ ಲೂಸಿಫರ್. ಆಗ ಯಾರಿಗೂ ಅದರಲ್ಲಿ ಕೆಟ್ಟದ್ದು ಕಂಡಿರಲಿಲ್ಲ.

ಎರಡನೆಯದನ್ನು ಕೇಳಿದವರು ಹಿಂದಿನ ಸಾಲಿನಲ್ಲಿದ್ದ ಕಾಲೇಜು ಹುಡುಗಿ. “ಸರ್, ಆ ಸಿರಾಕ್ಯೂಸ್ ಹುಡುಗಿಯನ್ನು ಅವಳ ಅಮ್ಮ ಏನಂತ ಕರೀತಿದ್ದಿರಬಹುದು?” ಹಳೆಯ ಲ್ಯಾಟಿನ್‌ನಲ್ಲಿ ಈಗಿನ ‘ಸ’ ಅಥವಾ ‘ಚ’ ಇರುವ ಜಾಗದಲ್ಲಿ ‘ಕ’ ಇತ್ತು. ಗ್ರೀಕರೂ ಅದನ್ನು ‘ಕ’ದಲ್ಲೇ ಬರೆದುಕೊಂಡರು. ಯೂಸ್ಕಿಯಾಳ ಸಮಾಧಿಯ ಕಲ್ಲಿನ ಮೇಲೆ ಇರುವುದೂ ಆ ರೂಪವೇ. ಹಾಗಾಗಿ ಗ್ರೀಕ್ ಮಾತಾಡುವ ಯೂಟಿಕಿಯಾ ಮಗಳನ್ನು ‘ಲೂಕಿಯಾ’ ಎಂದು ಕರೆದಿರಬೇಕು.